ಒಡೆಯನನ್ನು ಮುಟ್ಟಿದ ಕೈ

ಆ ಊರಿನಲ್ಲಿ ಕಿಲೆಂಬ ಎಂಬ ಹೆಸರಿನವರು ಏಳು ಜನ. ನಾಲ್ವರು ಗಂಡಸರು, ಮೂವರು ಹೆಂಗಸರು. ಎಂಟನೆಯ ಕಿಲೆಂಬ ಮರದವನು. ನ್ಯಾಯವಾಗಿ ನೋಡಿದರೆ ಅವನೇ ಮೊದಲನೆಯವನು. ಉಳಿದ ಏಳೂ ಜನ ಅವನಿಂದ ಹೆಸರು ಪಡೆದವರು.

ನಿಂತ ಮನುಷ್ಯನ ಎದೆಯವರೆಗೆ ಬರುವ ಎತ್ತರ. ಉಬ್ಬಿದ ಹೊಟ್ಟೆಯ ಎರಡೂ ಪಕ್ಕ ಕೈಯಿಟ್ಟುಕೊಂಡು ನಿಂತ ಗಡ್ಡದ ಆಳು. ಮುಖಕ್ಕೆ ತಾಮ್ರದ ಪಟ್ಟಿ, ನೆತ್ತಿಯಲ್ಲಿ ಹುಲ್ಲೆಯ ಕೊಂಬು, ಸೊಂಟಕ್ಕೆ ನಾರಿನ ಬಟ್ಟೆ, ಹೊಕ್ಕುಳಿನ ಗುಳಿಯೊಳಗೆ ಮದ್ದು. ಆ ಸೀಮೆಯ ಸೊಂಗ್ಯೆ ಜನ ಇಂಥವನಿಗೆ ನ್ಕಿಶಿ ಎನ್ನುತ್ತಾರೆ. ಊರಿನ ಮಾತಿನಲ್ಲಿ ಒಡೆಯ. ಸಿಡಿಲು, ಮಾಟ, ಬಂಜೆತನ, ಕೂಸಿನ ಸಾವು, ಇವು ಊರೊಳಗೆ ಕಾಲಿಡದಂತೆ ನೋಡಿಕೊಳ್ಳುವುದು ಅವನ ಕೆಲಸ. ಮಕ್ಕಳಿಲ್ಲದವಳು ಅವನ ಮುಂದೆ ಕೂತು ಬೇಡಿಕೊಂಡು ಹೆತ್ತರೆ, ಹುಟ್ಟಿದ್ದು ಗಂಡಾಗಲಿ ಹೆಣ್ಣಾಗಲಿ, ಅವನ ಹೆಸರನ್ನೇ ಇಡಬೇಕು.

ನೇಯುವ ಕಿಲೆಂಬ ಹುಟ್ಟಿದ್ದು ಹಾಗೆ. ಅವನಿಗಿಂತ ಮೊದಲು ಅವನ ತಾಯಿ ನಾಲ್ಕು ಕೂಸುಗಳನ್ನು ಮಣ್ಣು ಮಾಡಿದ್ದಳು. ಐದನೆಯವನು ಉಳಿದ. ನಡೆಯಲು ಕಲಿತ ದಿನದಿಂದ ಊರವರು ಅವನನ್ನು ನೋಡಿದ್ದು ಒಡೆಯನ ಕೂಸೆಂದು. ಬಿದ್ದರೆ ಓಡಿ ಬಂದು ಎತ್ತುವವರು ಹತ್ತು ಜನ. ಕಳ್ಳತನ ಮಾಡಿ ಸಿಕ್ಕಿಬಿದ್ದರೆ ಹೊಡೆತ ಮಾತ್ರ ಎರಡು ಪಟ್ಟು. ಹೆಸರಿಗೆ ಮಸಿ ಬಳಿದನೆಂದು. ದೊಡ್ಡವನಾದ ಮೇಲೆ ತಾಳೆಗರಿಯ ನಾರಿನಿಂದ ಬಟ್ಟೆ ನೇಯುವುದನ್ನು ಕಲಿತ. ಆ ಸೀಮೆಯ ಎಲ್ಲರೂ ಸರ್ಕಾರ ಹೇಳಿದಷ್ಟು ಹತ್ತಿ ಬೆಳೆದು ಬುಟ್ಟಿಯಲ್ಲಿ ಹೊತ್ತು ಹಾಕಬೇಕಾಗಿದ್ದ ಕಾಲ ಅದು. ಕಿಲೆಂಬನೂ ಬೆಳೆದ, ಹೊತ್ತ. ಉಳಿದ ಹೊತ್ತೆಲ್ಲ ಮಗ್ಗದ ಮುಂದೆ. ಹೆಂಡತಿ ಕಬೇಡಿ ನಿದ್ದೆರೋಗ ಬಂದು ತೀರಿಕೊಂಡಾಗ ಮಗಳು ಮ್ವಾದಿಗೆ ಆರು ವರ್ಷ. ಅವನು ಇನ್ನೊಂದು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಮಗ್ಗ ಒಂದು, ಮಗಳು ಒಂದು, ಒಡೆಯನ ಗಳ ಒಂದು. ಮೂರನ್ನ ಸಂಭಾಳಿಸೋದೇ ಸಾಕಾಗಿದೆ," ಎನ್ನುತ್ತಿದ್ದ.

ಒಡೆಯನ ಗಳ ಎಂದರೆ ಅವನನ್ನು ಹೊರುವ ಕೋಲು. ಒಡೆಯನನ್ನು ಕೈಯಿಂದ ಮುಟ್ಟುವಂತಿಲ್ಲ. ಅವನ ಎರಡು ತೋಳುಗಳಿಗೂ ಒಂದೊಂದು ಉದ್ದನೆಯ ಗಳ ಕಟ್ಟಿರುತ್ತಾರೆ. ಇಬ್ಬರು ಎರಡು ಕಡೆಯಿಂದ ಎತ್ತಿ ನಡೆಸಬೇಕು. ದೂರದಿಂದ ನೋಡಿದರೆ ಇಬ್ಬರು ಸೇರಿ ಕಾಲು ಸೋತ ಹಿರಿಯನನ್ನು ಅಂಗಳಕ್ಕೆ ಕರೆತಂದ ಹಾಗೆ ಕಾಣುತ್ತದೆ. ಎಣ್ಣೆ ಹಚ್ಚುವಾಗ ಪೂಜಗಿತ್ತಿಯ ಕೈ ತಾಕಬಹುದು, ಬೇರೆ ಯಾರದೂ ಇಲ್ಲ. ಎಡಗಡೆಯ ಗಳವನ್ನು ಕಿಲೆಂಬ ಇಪ್ಪತ್ತೆರಡು ವರ್ಷ ಹಿಡಿದಿದ್ದ. ಬಲಗಡೆಯದು ಸಂಕ್ವೆಯದು. ಸಂಕ್ವೆ ಅವನ ವಾರಿಗೆಯವನು, ಹಲ್ಲಿಗಿಂತ ಮಾತು ಹೆಚ್ಚು.

ಮುಟ್ಟಿದರೆ ಏನಾಗುತ್ತದೆ ಎನ್ನುವುದನ್ನು ಕಿಲೆಂಬ ಕಣ್ಣಾರೆ ಕಂಡಿದ್ದ. ಅವನಿಗೆ ಹತ್ತು ವರ್ಷವಿದ್ದಾಗ ಲುಕುಂಬಿ ಎಂಬವನು ಸೇಂದಿ ಕುಡಿದು, ಪಂಥ ಕಟ್ಟಿ, ಒಡೆಯನ ಗಡ್ಡ ಸವರಿದ್ದ. ಮೂರನೆಯ ದಿನಕ್ಕೆ ತೋಳು ಬಾಳೆದಿಂಡಿನ ಹಾಗೆ ಊದಿಕೊಂಡಿತು. ಒಂಬತ್ತನೆಯ ದಿನ ಸತ್ತ. ಹೆಣ ತೊಳೆಯಲು ಹೋದವರಲ್ಲಿ ಕಿಲೆಂಬನ ಅಪ್ಪನೂ ಇದ್ದ. ಮನೆಗೆ ಬಂದು ಎರಡು ದಿನ ಮುದ್ದೆ ಮುಟ್ಟಲಿಲ್ಲ.

ಮ್ವಾದಿಯನ್ನು ನದಿಯಾಚೆಯ ಊರಿಗೆ ಕೊಟ್ಟಿದ್ದರು. ಐದು ವರ್ಷದಲ್ಲಿ ಎರಡು ಕೂಸು ಹೋದವು, ಎರಡೂ ಹಲ್ಲು ಬರುವ ಮೊದಲೇ. ಆ ಊರಿನ ನ್ಕಿಶಿಯನ್ನು ಊರವರೇ ಕ್ರೈಸ್ತ ಮಿಷನ್ನಿನ ಉಪದೇಶಿಯ ಮಾತು ಕೇಳಿ ಸುಟ್ಟುಹಾಕಿದರು. ಮೂರನೆಯ ಸಲ ನೀರು ನಿಂತಾಗ ಅವಳ ಗಂಡ ಕಿಸಿಂಬ ತಾನೇ ಅವಳನ್ನು ಕರೆದುಕೊಂಡು ಬಂದ. ಬಾಗಿಲಲ್ಲಿ ಕೂತು ಚಪ್ಪಾಳೆ ತಟ್ಟಿ ಮರ್ಯಾದೆ ಹೇಳಿದ ಮೇಲೆ, "ಮಾವ, ನಮ್ಮಲ್ಲಿ ಈಗ ಕಾಯೋರು ಯಾರೂ ಇಲ್ಲ. ಇಲ್ಲಿ ಒಡೆಯ ಇದ್ದಾನೆ, ನೀವಿದ್ದೀರಿ. ಹೆತ್ತ ಮೇಲೆ ಬಂದು ಕರ್ಕೊಂಡು ಹೋಗ್ತೀನಿ," ಎಂದ.

ಪೂಜಗಿತ್ತಿ ಎಲುಂಬ ಎಪ್ಪತ್ತು ದಾಟಿದವಳು. ಒಡೆಯನ ಗುಡಿಸಲಿಗೆ ಆತು ಕಟ್ಟಿದ ಕೋಣೆಯಲ್ಲಿ ಒಬ್ಬಳೇ ಇರುತ್ತಿದ್ದಳು. ಒಡೆಯ ಅವಳ ಕನಸಿನಲ್ಲಿ ಮಾತಾಡುತ್ತಾನೆ, ಅವಳು ಬೆಳಿಗ್ಗೆ ಊರಿಗೆ ಹೇಳುತ್ತಾಳೆ. ಅವಳು ಮ್ವಾದಿಯನ್ನು ಒಡೆಯನ ಮುಂದೆ ಕೂರಿಸಿ, ಅವನಿಗೆ ಹಚ್ಚಿದ ಎಣ್ಣೆಯಲ್ಲಿ ಅದ್ದಿದ ನಾರಿನ ದಾರವನ್ನು ಸೊಂಟಕ್ಕೆ ಕಟ್ಟಿದಳು. ಹೆರುವವರೆಗೆ ಕೋಳಿ ತಿನ್ನಬಾರದು, ಊರ ಗಡಿ ದಾಟಬಾರದು. ಮ್ವಾದಿ ಒಂದನ್ನೂ ತಪ್ಪಲಿಲ್ಲ. ಐದನೆಯ ತಿಂಗಳಿಗೆ ಕೆನ್ನೆ ತುಂಬಿಕೊಂಡವು. ಆರಕ್ಕೆ, ಮರಗೆಣಸಿನ ಸೊಪ್ಪು ಕುಟ್ಟುತ್ತಾ ಹಾಡು ಗುನುಗುವುದನ್ನು ಅಪ್ಪ ಕೇಳಿಸಿಕೊಂಡ. ಮದುವೆಗೆ ಮೊದಲು ಕೇಳಿದ್ದು, ಆಮೇಲೆ ಇದೇ.

ಏಳನೆಯ ತಿಂಗಳು, ಹೊಸ ಚಂದ್ರ ಕಂಡ ಸಂಜೆ, ಎಂದಿನಂತೆ ಒಡೆಯನನ್ನು ಊರ ಸುತ್ತ ನಡೆಸಲು ಹೊರಗೆ ತಂದರು. ಎಲುಂಬ ಎಣ್ಣೆ ಹಚ್ಚಿದಳು, ಕೋಳಿಯ ರಕ್ತ ಚಿಮುಕಿಸಿದಳು. ಡೋಲು ಮುಂದೆ, ಗಳದವರು ನಡುವೆ, ಜನ ಹಿಂದೆ. ತಾಳೆಮರಗಳ ಹತ್ತಿರ ದಾರಿ ತಿರುಗುತ್ತದೆ. ಡೋಲು ಆಗಲೇ ತಿರುಗಿ ಹೋಗಿತ್ತು, ಹಿಂದಿನವರು ಇನ್ನೂ ಬಂದಿರಲಿಲ್ಲ. ಅಲ್ಲಿ ಸಂಕ್ವೆಯ ಕಾಲು ಹೆಗ್ಗಣದ ಬಿಲಕ್ಕೆ ಇಳಿಯಿತು. ಮಂಡಿ ಕುಸಿಯಿತು. ಬಲಗಡೆಯ ಕಟ್ಟು ಜಾರಿತು. ಒಡೆಯ ಉಳಿದ ಗಳಕ್ಕೆ ಜೋತು ಕಿಲೆಂಬನ ಕಡೆಗೆ ವಾಲಿದ.

ನೆಲಕ್ಕೆ ಬೀಳಬೇಕಿತ್ತು. ಬೀಳಲು ಬಿಡಬೇಕಿತ್ತು. ಬಿದ್ದರೆ ಶುದ್ಧಿ ಉಂಟು, ಒಂದು ಹೋತ ಕೊಟ್ಟರೆ ಮುಗಿಯುತ್ತದೆ. ಅದು ಕಿಲೆಂಬನಿಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಆದರೂ ಅವನ ಎಡಗೈ ಗಳ ಬಿಟ್ಟು ಮುಂದೆ ಹೋಗಿ ಒಡೆಯನ ಹೊಟ್ಟೆಗೆ ಆತುಕೊಂಡಿತು. ಒಂದು ಸಲ ಕೆಮ್ಮುವಷ್ಟು ಹೊತ್ತು. ಅಷ್ಟರಲ್ಲಿ ಸಂಕ್ವೆ ಎದ್ದ, ಗಳ ಎತ್ತಿದ, ಕಟ್ಟು ಬಿಗಿದ. ತಿರುವಿನಲ್ಲಿ ಜನ ಕಾಣಿಸಿಕೊಂಡಾಗ ಇಬ್ಬರೂ ನಡೆಯುತ್ತಿದ್ದರು.

ಒಡೆಯನನ್ನು ಒಳಗಿಟ್ಟು ಹೊರಗೆ ಬಂದ ಮೇಲೆ ಕಿಲೆಂಬ ಕೇಳಿದ: "ನೋಡಿದೆಯಾ?"

"ನಾನೇನೂ ನೋಡಿಲ್ಲ ಮಾರಾಯ," ಎಂದ ಸಂಕ್ವೆ. "ನನ್ನ ಕಣ್ಣು ನನ್ನ ಮಂಡಿ ಮೇಲಿತ್ತು."

"ನಿಜ ಹೇಳು."

ಸಂಕ್ವೆ ಮಂಡಿಗೆ ಹತ್ತಿದ ಮಣ್ಣು ಕೊಡವಿಕೊಂಡ. "ಯಾವ ಕೈ?"

ಕಿಲೆಂಬ ಎಡಗೈ ತೋರಿಸಿದ. ಅಂಗೈಯಲ್ಲಿ ಎಣ್ಣೆ ಮಿನುಗುತ್ತಿತ್ತು.

"ಒರೆಸ್ಕೋ ಮೊದಲು," ಎಂದು ಸಂಕ್ವೆ ಮುಖ ತಿರುಗಿಸಿದ.

ಮೂರು ದಿನ ಕಿಲೆಂಬ ಸಾಯಲು ಸಿದ್ಧನಾದ. ಮಗ್ಗದ ಮೇಲಿದ್ದ ಬಟ್ಟೆಯನ್ನು ಮುಗಿಸಿ ಕತ್ತರಿಸಿಟ್ಟ. ಮ್ವಾದಿಯ ಹೆರಿಗೆಗೆಂದು ಸೌದೆ ಒಡೆದು ಗೋಡೆಯುದ್ದಕ್ಕೂ ಪೇರಿಸಿದ. ಕೇಳಿದವಳಿಗೆ ಮಳೆಗಾಲ ಬರುತ್ತಲ್ಲ ಎಂದ. ಹೆದರಿಕೆ ಇತ್ತು, ಆದರೆ ಅದಕ್ಕೊಂದು ಲೆಕ್ಕವಿತ್ತು. ತಪ್ಪಿಗೆ ತಕ್ಕದ್ದು ಬರುತ್ತದೆ, ತನ್ನ ಮೇಲೆ ಬರುತ್ತದೆ, ಮಗಳ ಮೇಲಲ್ಲ.

ಮೂರನೆಯ ಬೆಳಿಗ್ಗೆ ಎದ್ದು ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. ಒಂದೇ ತರ ಇದ್ದವು. ನಾಲ್ಕು, ಐದು, ಆರು. ಊತವಿಲ್ಲ, ನೋವಿಲ್ಲ. ನಾರು ಸೀಳುವಾಗ ಎಡಗೈ ಹೆಬ್ಬೆರಳಿಗೆ ಬಿದ್ದಿದ್ದ ಗಾಯವೊಂದು ತಿಂಗಳಿಂದ ಕೀವಾಗುತ್ತಿತ್ತು. ಅದೂ ಒಣಗಿ ಹಕ್ಕಳೆ ಉದುರಿತು. ಆ ಹಕ್ಕಳೆಯನ್ನು ಬೆರಳಲ್ಲಿ ಹಿಡಿದು ಅವನು ತುಂಬ ಹೊತ್ತು ಕೂತಿದ್ದ.

ಸಂಕ್ವೆ ದಿನಾ ಬರುತ್ತಿದ್ದ. "ತೋರ್ಸೋ ಕೈನ." ತೋರಿಸಿದರೆ ಮೂಸಿ ನೋಡುವಷ್ಟು ಹತ್ತಿರ ಬಗ್ಗಿ ನೋಡುತ್ತಿದ್ದ. ಒಂಬತ್ತನೆಯ ದಿನ ಸಂಕ್ವೆ ಸೇಂದಿಯ ಸೋರೆಬುರುಡೆಯನ್ನೇ ತಂದ.

"ಉಳ್ಕೊಂಡೆ ಬಿಡು. ಹೆಣ ಹೊರೋದು ತಪ್ತು ನನಗೆ. ಈ ಮಂಡಿಯಲ್ಲಿ ನಿನ್ನನ್ನ ಹೊತ್ತಿದ್ರೆ ನೀನು ದಾರೀಲೇ ಎರಡು ಸಲ ಬೀಳ್ತಿದ್ದೆ."

ಕಿಲೆಂಬ ನಗಲಿಲ್ಲ. "ಲುಕುಂಬಿ ಸತ್ತ."

"ಲುಕುಂಬಿ ಕುಡುಕ. ನೀನು ಒಡೆಯನ ಹೆಸರಿಟ್ಕೊಂಡೋನು. ಬೀಳದ ಹಾಗೆ ಹಿಡಿದೆ. ಒಡೆಯನಿಗೆ ಅಷ್ಟೂ ತಿಳಿಯಲ್ವಾ?"

"ತಿಳಿಯೋ ಹಾಗಿದ್ರೆ, ಬೀಳೋದಕ್ಕೆ ಮುಂಚೆ ನಿನ್ನ ಕಾಲಿಗೆ ಹೇಳ್ತಿದ್ದ." ಕಿಲೆಂಬ ದನಿ ತಗ್ಗಿಸಿದ. "ಸಂಕ್ವೆ, ಅವನಲ್ಲಿ ಏನೂ ಇಲ್ಲ ಅಂತ ಆದ್ರೆ?"

ಸಂಕ್ವೆ ಬುರುಡೆ ಕೆಳಗಿಟ್ಟ. "ಆ ಮಾತು ನನ್ನ ಹತ್ರ ಆಡ್ಬೇಡ. ಬೇರೆ ಏನು ಬೇಕಾದ್ರೂ ಆಡು."

ಆಡಿದರೂ ಮಾಡುವುದೇನೂ ಇರಲಿಲ್ಲ. ಒಡೆಯನನ್ನು ಕೆತ್ತಿದವನ ಹೆಸರು ಊರಲ್ಲಿ ಯಾರಿಗೂ ನೆನಪಿಲ್ಲ. ಮರ ಕೆತ್ತುವುದು ಹತ್ತು ದಿನದ ಕೆಲಸ, ಯಾರಾದರೂ ಕೆತ್ತುತ್ತಾರೆ. ಹೊಟ್ಟೆಗೂ ಕೊಂಬಿಗೂ ಮದ್ದು ತುಂಬಿ ಅದನ್ನು ಒಡೆಯನನ್ನಾಗಿ ಮಾಡುವವನು ಮದ್ದುಗಾರ. ಊರಿನ ಕೊನೆಯ ಮದ್ದುಗಾರ ಶಿಷ್ಯರಿಲ್ಲದೆ ಸತ್ತು ಹದಿನೈದು ವರ್ಷವಾಗಿತ್ತು. ಅವನ ಮಗ ಮಿಷನ್ನಿನಲ್ಲಿ ಬಡಗಿ. ಶಾಲೆಗೆ ಬೆಂಚು ಮಾಡುತ್ತಿದ್ದ. ಈ ಒಡೆಯ ಹೋದರೆ ಇನ್ನೊಬ್ಬ ಇಲ್ಲ. ಆದ್ದರಿಂದ ಕಿಲೆಂಬ ಬಾಯಿ ಮುಚ್ಚಿಕೊಂಡಿರಲು ತೀರ್ಮಾನಿಸಿದ. ಆದರೂ ಪ್ರತಿ ಬೆಳಿಗ್ಗೆ ಕೈ ಊದಿರಲಿ ಎಂದು ಹಾರೈಸಿ ಕಣ್ಣು ತೆರೆಯುತ್ತಿದ್ದ.

ಮಾತು ಹೊರಗೆ ಹೋದದ್ದು ಸಂಕ್ವೆಯ ಮನೆಯಿಂದ. ಅವನು ಹೆಂಡತಿಗೆ ಹೇಳಿದ. ಅವಳು ಹೊಳೆಯಲ್ಲಿ ಮರಗೆಣಸು ನೆನೆಹಾಕುವಾಗ ಇನ್ನೊಬ್ಬಳಿಗೆ ಹೇಳಿದಳು, ಹೆಸರು ಬಿಟ್ಟು. ಯಾರೋ ಒಡೆಯನನ್ನು ಮುಟ್ಟಿದರಂತೆ, ಏನೂ ಆಗಲಿಲ್ಲವಂತೆ. ಎರಡು ದಿನದಲ್ಲಿ ಅದು ಮ್ವಾದಿಯ ಕಿವಿಗೆ ಬಿತ್ತು.

ಅವಳು ಅಪ್ಪನ ಮಗ್ಗದ ಹತ್ತಿರ ಬಂದು, ಹೊಟ್ಟೆಯ ಕೆಳಗೆ ಕೈ ಕೊಟ್ಟುಕೊಂಡು ನಿಧಾನವಾಗಿ ಕೂತಳು.

"ಅಪ್ಪ, ಒಡೆಯನನ್ನ ಹೊರೋರು ಎಷ್ಟು ಜನ?"

"ಗೊತ್ತಿಲ್ವಾ ನಿನಗೆ? ಇಬ್ಬರು."

"ಸಂಕ್ವೆ ಮಾವನ ಕೈ ನೋಡ್ಕೊಂಡು ಬಂದೆ. ಸೌದೆ ಕೊಡೋ ನೆಪದಲ್ಲಿ. ಈಗ ನಿನ್ನ ಕೈ ತೋರ್ಸು."

ಅವನು ನೇಯುತ್ತಲೇ ಇದ್ದ. "ಹೊಳೆ ಹತ್ರದ ಹೆಂಗಸರ ಮಾತು ಕಟ್ಕೊಂಡು—"

"ತೋರ್ಸಪ್ಪ."

ಅವನು ತೋರಿಸಿದ. ಅವಳು ಎಡಗೈಯನ್ನು ಹಿಡಿದು ತಿರುಗಿಸಿ ನೋಡಿದಳು. ಒಣಗಿದ ಗಾಯದ ಜಾಗವನ್ನು ಬೆರಳಿನಿಂದ ಒತ್ತಿದಳು. ಅವನು ಮರೆಮಾಚಿದರೂ ಅವನ ಮುಖದಲ್ಲಿ ಏನಿತ್ತೋ ಅದನ್ನು ಅವಳು ಓದಿಕೊಂಡಳು.

"ಚೆನ್ನಾಗೇ ಇದೆ," ಎಂದಳು. ಸಾವಿನ ಸುದ್ದಿ ಕೇಳಿದವರ ದನಿ ಅದು. "ನದಿಯಾಚೆ ನಮ್ಮೂರಲ್ಲೂ ಹೀಗೇ ಆಗಿತ್ತು. ಅಲ್ಲಿನ ಒಡೆಯನನ್ನ ಸುಟ್ಟಾಗ ಅದರ ಹೊಟ್ಟೆ ಒಡೀತು. ಒಳಗೆ ಬರೀ ಧೂಳು. ನನ್ನ ಎರಡು ಮಕ್ಕಳನ್ನ ನಾನು ಧೂಳಿನ ಮುಂದೆ ಕೂರಿಸಿ ಕಾಪಾಡು ಅಂತ ಕೇಳಿದ್ದೆ."

"ಮ್ವಾದಿ, ಇದು ಬೇರೆ."

"ಹೇಗೆ ಬೇರೆ? ಹೇಳು."

ಅವನು ಕೈ ಬಿಡಿಸಿಕೊಂಡು ಮತ್ತೆ ಮಗ್ಗಕ್ಕೆ ತಿರುಗಿದ.

ಅವತ್ತಿನಿಂದ ಮ್ವಾದಿ ಊಟ ಬಿಟ್ಟಳು. ಹಟವಲ್ಲ, ಬಾಯಿಗಿಟ್ಟ ಮುದ್ದೆ ಇಳಿಯುತ್ತಿರಲಿಲ್ಲ. ಸೊಂಟದ ದಾರವನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿದಳು. ಐದನೆಯ ದಿನ ಬಟ್ಟೆಯಲ್ಲಿ ರಕ್ತದ ಕಲೆ ಕಂಡಿತು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ, ಕಾಲ ಕೆಳಗೆ ದಿಂಬಿಟ್ಟು ಮಲಗಿಸಿ ಹೊರಗೆ ಬಂದಳು.

"ಕೂಸು ಚೆನ್ನಾಗಿದೆ. ತಾಯಿ ಆಸೆ ಬಿಟ್ಬಿಡ್ತಿದ್ದಾಳೆ," ಎಂದಳು ಕಿಲೆಂಬನಿಗೆ. "ಅವಳಿಗೆ ಏನಾದ್ರೂ ಹೇಳಪ್ಪ. ಕೂಸು ಜಾರೋದು ಇವತ್ತೋ ನಾಳೆಯೋ ಅಂತ ಇದೆ."

ಏನು ಹೇಳಿದರೂ ಮಾತು ಬರೀ ಮಾತಾಗಿ ಉಳಿಯುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಅವಳು ನಂಬುವುದು ಒಂದನ್ನೇ.

ಮರುದಿನ ಮಧ್ಯಾಹ್ನ ಊರೆಲ್ಲ ಹತ್ತಿ ಬಿಡಿಸಲು ಹೋಗಿತ್ತು. ಮ್ವಾದಿಯ ಹತ್ತಿರ ಸೂಲಗಿತ್ತಿ ಇದ್ದಳು. ಕಿಲೆಂಬ ಮನೆಯ ಹಿಂದೆ, ಹಳೆಯ ಅಡುಗೆ ಚಪ್ಪರದಲ್ಲಿ ಮೂರು ಕಲ್ಲಿನ ಮೇಲೆ ಮಡಕೆಯಿಟ್ಟು ತಾಳೆ ಎಣ್ಣೆ ಕಾಯಿಸಿದ. ಕೆಂಪಗಿದ್ದ ಎಣ್ಣೆ ಬಣ್ಣ ಬಿಟ್ಟು ತಿಳಿಯಾಗಿ ಹೊಗೆಯಾಡಿತು. ನಾರಿನ ಸಿಂಬಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಎಡಗೈಯನ್ನು ಮಣಿಕಟ್ಟಿನವರೆಗೆ ಅದ್ದಿದ.

ಎಷ್ಟು ಹೊತ್ತು ಬಿದ್ದಿದ್ದನೋ ಅವನಿಗೆ ನೆನಪಿಲ್ಲ. ಎದ್ದಾಗ ಬೆಂಕಿ ಆರಿತ್ತು. ಮಡಕೆಯನ್ನು ಒಡೆದು ಚೂರುಗಳನ್ನು ಬೂದಿಯಲ್ಲಿ ಮುಚ್ಚಿದ. ಕೈಗೆ ಬಾಳೆಎಲೆ ಸುತ್ತಿಕೊಂಡು ಅಲ್ಲೇ ಕೂತ. ಸಂಜೆ ಜನ ಹೊಲದಿಂದ ಹಿಂದಿರುಗುವ ಹೊತ್ತಿಗೆ ಅದು ಊದಿ, ಗುಳ್ಳೆಯೆದ್ದು, ಕೈಯೆಂದು ಹೇಳುವ ಹಾಗಿರಲಿಲ್ಲ. ಆಗ ಎಲೆ ಬಿಚ್ಚಿ ಎಸೆದು, ತೋಳನ್ನು ಮುಂದೆ ಚಾಚಿಕೊಂಡು ಊರ ನಡುವಿನ ದಾರಿಯಲ್ಲಿ ನಡೆದ.

"ನಾನು ಮುಟ್ಟಿದೆ!" ಎಂದು ಕೂಗಿದ. "ತಾಳೆಮರದ ಹತ್ರ, ಹೊಸ ಚಂದ್ರನ ದಿನ. ನಾನೇ ಮುಟ್ಟಿದ್ದು. ಒಡೆಯ ತಡ ಮಾಡಿದ, ಆದ್ರೆ ಬಿಡಲಿಲ್ಲ. ನೋಡಿ!"

ಹೆಂಗಸರು ಮಕ್ಕಳನ್ನು ಎಳೆದುಕೊಂಡು ಒಳಗೆ ಓಡಿದರು. ಗಂಡಸರು ದೂರದಲ್ಲಿ ಗುಂಪಾಗಿ ಹಿಂಬಾಲಿಸಿದರು. ಸಂಕ್ವೆ ತಲೆಯ ಮೇಲಿದ್ದ ಹತ್ತಿಯ ಬುಟ್ಟಿ ಇಳಿಸುವುದನ್ನೂ ಮರೆತು ನಿಂತಿದ್ದ. ಕಿಲೆಂಬ ಬೇಕೆಂದೇ ತನ್ನ ಮನೆಯ ಮುಂದಿನಿಂದ ಹಾದುಹೋದ. ಸೂಲಗಿತ್ತಿಯ ಹೆಗಲಿಗೆ ಆತು ಮ್ವಾದಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಅವನ ಮುಖಕ್ಕೆ ಬರಲಿಲ್ಲ, ಕೈಯ ಮೇಲೆಯೇ ಇತ್ತು. ಆಮೇಲೆ ಅವಳು ಒಳಗೆ ತಿರುಗಿ, ಗೂಟದ ಮೇಲಿನ ದಾರಕ್ಕೆ ಕೈ ಚಾಚಿದಳು. ಅದನ್ನು ಅವನು ನೋಡಿದ. ಅಷ್ಟು ನೋಡಲು ಮಾತ್ರ ಅವನು ಆ ದಾರಿ ಹಿಡಿದಿದ್ದ.

ಎಲುಂಬ ಒಡೆಯನ ಗುಡಿಸಲಿನ ಮುಂದೆ ಕಾಯುತ್ತಿದ್ದಳು. ತಪ್ಪಿತಸ್ಥನ ಜತೆ ಪೂಜಗಿತ್ತಿ ಒಬ್ಬಳೇ ಮಾತಾಡಬೇಕು. ಜನರನ್ನು ಕಲ್ಲೆಸೆತದಷ್ಟು ದೂರ ನಿಲ್ಲಿಸಿದಳು. ಅವನ ತೋಳನ್ನು ಮೊಣಕೈ ಹತ್ತಿರ ಹಿಡಿದು ಬೆಳಕಿಗೆ ತಿರುಗಿಸಿದಳು. ಬಗ್ಗಿ ಮೂಸಿದಳು. ಲುಕುಂಬಿಯ ತೋಳಿಗೂ ಎಲೆ ಕಟ್ಟಿದವಳು ಅವಳೇ.

"ಎಣ್ಣೆ ಕಾಯೋದಕ್ಕೆ ಎಷ್ಟು ಹೊತ್ತಾಯ್ತು?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಕಿಲೆಂಬನ ತುಟಿ ಒಣಗಿತ್ತು. "ಎರಡು ಸಲ ಸೌದೆ ಹಾಕಿದೆ ಅಜ್ಜಿ."

"ಮುಟ್ಟಿದ್ದು ನಿಜವೋ, ಅದೂ ನೀನೇ ಬೇಯಿಸಿದ್ದೋ?"

"ಮುಟ್ಟಿದ್ದು ನಿಜ. ಹದಿನೇಳು ದಿನ ಆಯ್ತು. ಏನೂ ಆಗಲಿಲ್ಲ."

ಮುದುಕಿ ಗುಡಿಸಲಿನ ಬಾಗಿಲ ಕಡೆ ಒಮ್ಮೆ ನೋಡಿದಳು. ಒಳಗೆ ಕತ್ತಲು. ತಾಮ್ರದ ಪಟ್ಟಿ ಒಂದು ಕಡೆ ಸಣ್ಣಗೆ ಹೊಳೆಯುತ್ತಿತ್ತು.

"ನಿನಗೇನಾದ್ರೂ ಹೇಳ್ತಾನಾ ಅಜ್ಜಿ, ಈಗಲೂ?" ಎಂದು ಕಿಲೆಂಬ ಕೇಳಿದ.

"ವಯಸ್ಸಾದವರಿಗೆ ಕನಸು ಕಡಿಮೆ," ಎಂದಳು ಎಲುಂಬ. ಬಾಗಿಲಿಂದ ಮುಖ ತಿರುಗಿಸಿ, "ಮುಟ್ಟಿದೋನಿಗೆ ಏನು ಕಟ್ಟಳೆ ಅಂತ ಗೊತ್ತಲ್ಲ? ಬದುಕಿದ್ರೆ?"

"ಗೊತ್ತು."

"ಊರ ಹೊರಗೆ ಇರಬೇಕು. ಗಳ ಮುಟ್ಟೋ ಹಾಗಿಲ್ಲ. ಒಡೆಯನ ಹೆಸರಲ್ಲಿ ಹುಟ್ಟೋ ಕೂಸಿನ ಹತ್ರ ಬರೋ ಹಾಗಿಲ್ಲ. ನಿನ್ನ ನೆರಳೂ ಬೀಳ್ಬಾರದು. ಅದು ಅವಳ ಕೂಸಾದ್ರೂ ಅಷ್ಟೇ. ನಾನು ಸಡಿಲ ಬಿಟ್ರೆ ಜನ ನನ್ನ ಮುಖ ನೋಡಿ ತಿಳ್ಕೊಂಡ್ಬಿಡ್ತಾರೆ."

"ಸಡಿಲ ಬಿಡ್ಬೇಡ ಅಜ್ಜಿ."

ಅವಳು ಎಲೆ ಅರೆದು ತಂದು, ಬೇರೆ ಯಾರೂ ಹತ್ತಿರದಿಂದ ನೋಡುವ ಮೊದಲೇ, ಮೊಣಕೈಯವರೆಗೂ ದಪ್ಪಗೆ ಮೆತ್ತಿ ಬಟ್ಟೆ ಸುತ್ತಿದಳು. ಆಮೇಲೆ ಎದ್ದು ನಿಂತು, ಊರು ಎಂದೂ ಕೇಳಿರದಷ್ಟು ಗಟ್ಟಿಯಾಗಿ ಕೂಗಿದಳು: "ಒಡೆಯ ಕಚ್ಚಿದ್ದಾನೆ! ಹೆಸರಿಟ್ಟುಕೊಂಡವನನ್ನೂ ಬಿಡಲಿಲ್ಲ! ಇನ್ನು ಯಾರಿಗಾದ್ರೂ ಅನುಮಾನ ಇದ್ರೆ ಮುಂದೆ ಬನ್ನಿ!"

ಯಾರೂ ಬರಲಿಲ್ಲ. ಎಲ್ಲಿಂದಲೋ ಡೋಲು ಶುರುವಾಯಿತು.

ಕಿಲೆಂಬನಿಗೆ ಮಿಷನ್ನಿಗೆ ಹೋಗುವ ಕಾಲುದಾರಿಯ ಪಕ್ಕದಲ್ಲಿ ಗುಡಿಸಲು ಹಾಕಿಕೊಟ್ಟರು. ಹನ್ನೆರಡು ದಿನ ಜ್ವರ. ಕೈ ವಾಸಿಯಾಗುವಾಗ ಬೆರಳುಗಳು ಒಳಗೆ ಮಡಚಿ ಅಂಗೈಗೆ ಅಂಟಿಕೊಂಡವು. ಮಗ್ಗಕ್ಕೆ ಎರಡು ಕೈ ಬೇಕು. ಅದನ್ನು ಬಿಚ್ಚಿ, ಕೋಲುಗಳನ್ನು ಸೌದೆ ಮಾಡಿದ. ಗುಡಿಸಲ ಹಿಂದೆ ಒಂದೇ ಕೈಯಲ್ಲಿ ನೆಲ ಅಗೆದು ಮರಗೆಣಸು ನೆಟ್ಟ.

ಬಂದು ಮಾತಾಡುತ್ತಿದ್ದವನು ಸಂಕ್ವೆ ಒಬ್ಬನೇ, ಅದೂ ದಾರಿಯ ಆಚೆ ಬದಿಯಲ್ಲಿ ನಿಂತು. ಮಂಡಿಯ ನೆಪ ಹೇಳಿ ಅವನೂ ಗಳ ಬಿಟ್ಟಿದ್ದ.

"ಒಡೆಯ ಬಿಡಲಿಲ್ಲ ನೋಡು. ನಾನು ಅವತ್ತೇ ಹೇಳಿದ್ದೆ, ಬಿಡಲ್ಲ ಅಂತ."

ಅವನು ಅವತ್ತು ಹೇಳಿದ್ದು ಅದಕ್ಕೆ ತಿರುಗುಮುರುಗು. ಕಿಲೆಂಬ ತಿದ್ದಲಿಲ್ಲ. "ಮ್ವಾದಿ ಊಟ ಮಾಡ್ತಾಳಾ?"

"ಎರಡಾಳಿನ ಊಟ. ಮೈ ತುಂಬ್ಕೊಂಡಿದ್ದಾಳೆ." ಸಂಕ್ವೆ ಕಾಲಿನಿಂದ ಮಣ್ಣು ಕೆದಕಿದ. "ನಾನು ಎಡವದೆ ಇದ್ದಿದ್ರೆ..."

"ಹೆಗ್ಗಣ ಬಿಲ ತೋಡದೆ ಇದ್ದಿದ್ರೆ ಅನ್ನು. ಮನೆಗೆ ಹೋಗು, ಮಳೆ ಬರ್ತಿದೆ."

ದಿನ ತುಂಬಿದ ಮೇಲೆ ಮ್ವಾದಿ ಹೆಣ್ಣು ಹೆತ್ತಳು. ಸುದ್ದಿ ತಂದವನೂ ಸಂಕ್ವೆಯೇ. ಈ ಸಲ ದಾರಿಯ ನಡುವಿನವರೆಗೂ ಬಂದ. ಹೆಸರು ಕಿಲೆಂಬ. ಊರಿನಲ್ಲಿ ಆ ಹೆಸರಿನವರು ಈಗ ಎಂಟು ಜನ. ನಾಮಕರಣದ ದಿನ ಕೋಳಿ ಬೇಯುವ ವಾಸನೆ ಗಾಳಿಯಲ್ಲಿ ಅವನ ಗುಡಿಸಲವರೆಗೂ ಬಂತು. ಹಾಡಿನ ಮಾತುಗಳೂ ಕೇಳುತ್ತಿದ್ದವು: ಒಡೆಯನ ಶಕ್ತಿ, ಒಡೆಯನ ಕೋಪ, ಒಡೆಯನ ಕೃಪೆ. ಕೂಸನ್ನು ಉಳಿಸಿದ್ದು ಮರದವನೋ, ಮಡಕೆಯ ಎಣ್ಣೆಯೋ, ಎರಡೂ ಅಲ್ಲವೋ ಎಂದು ಕಿಲೆಂಬ ಬಹಳ ಸಲ ಯೋಚಿಸಿದ್ದುಂಟು. ಉತ್ತರ ಸಿಗಲಿಲ್ಲ. ಸಿಕ್ಕಿದ್ದರೂ ಹೇಳಿಕೊಳ್ಳಲು ಯಾರೂ ಇರಲಿಲ್ಲ. ನಿಜ ಗೊತ್ತಿದ್ದ ಎಲುಂಬಳೂ ಮುಂದಿನ ವರ್ಷದ ಮಳೆಗಾಲದಲ್ಲಿ ಸತ್ತಳು.

ಅದಕ್ಕೂ ಮೊದಲೇ, ಕೂಸಿಗೆ ನಾಲ್ಕು ತಿಂಗಳಾದಾಗ ಕಿಸಿಂಬ ಕರೆದುಕೊಂಡು ಹೋಗಲು ಬಂದ. ನದಿಗೆ ಹೋಗುವ ದಾರಿ ಗುಡಿಸಲ ಮುಂದೆಯೇ ಹೋಗುತ್ತದೆ. ಕಿಲೆಂಬ ಮಾತು ಕೇಳಿಸಿದಾಗಲೇ ಎದ್ದು, ಹುಲ್ಲಿನೊಳಗೆ ಇಪ್ಪತ್ತು ಹೆಜ್ಜೆ ಇಳಿದು ನಿಂತುಕೊಂಡ. ಬಿಸಿಲು ಯಾವ ಕಡೆಗಿದೆ ಎಂದು ನೋಡಿ, ನೆರಳು ದಾರಿಗೆ ಬೀಳದ ಮಗ್ಗುಲಿಗೆ ಸರಿದ.

ಗಂಡ ಗಂಟು ಹೊತ್ತು ಮುಂದೆ ಹೋದ. ಹಾಯುವಾಗ ತಲೆ ತಗ್ಗಿಸಿದ, ಅಷ್ಟೆ. ಮ್ವಾದಿ ಗುಡಿಸಲ ಎದುರು ನಿಂತಳು. ಬೆನ್ನಿಗೆ ಕಟ್ಟಿದ್ದ ಕೂಸನ್ನು ಮುಂದೆ ತಂದು, ಬಟ್ಟೆಯಿಂದ ತಲೆ ಮುಚ್ಚಿ, ಅವನಿಗೆ ಕಾಣದಂತೆ ಒಂದು ಮಗ್ಗುಲಾಗಿ ತಿರುಗಿದಳು.

"ಅಪ್ಪ."

"ಹೇಳಮ್ಮ."

"ಯಾಕೆ ಮುಟ್ಟಿದೆ?"

"ಬೀಳ್ತಾ ಇದ್ದ."

"ಬೀಳೋದಕ್ಕೆ ಬಿಡ್ಬೇಕಿತ್ತು. ನಾನು ಹೊಟ್ಟೇಲಿ ಇವಳನ್ನ ಇಟ್ಕೊಂಡಿದ್ದೆ. ನೀನು ಮುಟ್ಟಿ, ಮುಚ್ಚಿಟ್ಕೊಂಡು, ನನ್ನ ಜತೆ ಕೂತು ಮುದ್ದೆ ತಿಂದೆ. ಅವನ ಸಿಟ್ಟು ಕೈ ತಪ್ಪಿ ಇವಳ ಮೇಲೆ ಬಿದ್ದಿದ್ರೆ? ಆ ರಕ್ತ ಯಾತಕ್ಕೆ ಬಂತು ಅಂದ್ಕೊಂಡೆ?"

ಹುಲ್ಲಿನಲ್ಲಿ ಮಿಡತೆಗಳು ಕಿರುಗುಟ್ಟುತ್ತಿದ್ದವು. ಎಣ್ಣೆಯ ಮಡಕೆಯ ವಿಷಯ ನಾಲ್ಕು ಮಾತು ಹೇಳಿದರೆ ಸಾಕಿತ್ತು. ಅವಳ ಸೊಂಟದಲ್ಲಿದ್ದ ದಾರವನ್ನು ಈಗ ಕೂಸಿನ ಸೊಂಟಕ್ಕೆ ಕಟ್ಟಿದ್ದರು. ಬಟ್ಟೆಯ ಅಂಚಿನಿಂದ ಅದರ ತುದಿ ಇಳಿಬಿದ್ದಿತ್ತು.

"ನಿನ್ನ ಮಾತು ಸರಿ," ಎಂದ ಕಿಲೆಂಬ. "ಬಿಡ್ಬೇಕಿತ್ತು."

ಅವಳು ಇನ್ನೇನೋ ನಿರೀಕ್ಷಿಸಿದವಳ ಹಾಗೆ ಒಂದು ಗಳಿಗೆ ನಿಂತಿದ್ದಳು. ಆಮೇಲೆ ಕೂಸನ್ನು ಎದೆಗೆ ಒತ್ತಿಕೊಂಡು ಗಂಡನ ಹಿಂದೆ ನಡೆದಳು. ಇಳಿಜಾರಿನಲ್ಲಿ ಅವಳ ತಲೆ ಮರೆಯಾದ ಮೇಲೂ ಅವನು ಹುಲ್ಲಿನಿಂದ ಹೊರಗೆ ಬರಲಿಲ್ಲ.

ಅವನು ಇನ್ನೂ ಹನ್ನೊಂದು ವರ್ಷ ಬದುಕಿದ್ದ. ಆ ಹನ್ನೊಂದು ವರ್ಷದಲ್ಲಿ ಮ್ವಾದಿ ಎರಡು ಸಲ ತವರಿಗೆ ಬಂದಳು. ಎರಡು ಸಲವೂ ಮಗಳನ್ನು ನದಿಯಾಚೆ ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು.